ಡಬ್ಬಿಯ ಮೇಲಿನ 8000

"ಆನ್ ಆಯಿತಲ್ಲ ಅಣ್ಣಾ, ಇನ್ನೇನು ಬೇಕು?"

ನಿನ್ನೆ ರಾತ್ರಿ ಚಿಕ್ಕಪ್ಪನ ಮಗ ಹೊಸ ರ್‍ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ) ಹಾಕಿದ ತನ್ನ ಯಂತ್ರದ ಬಗ್ಗೆ ಹೀಗೆ ಕೇಳಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲಿ ಇಳಿಸುತ್ತಿದ್ದೇನೆ, ಸಹಿಸಿಕೊಳ್ಳಿ. ನನ್ನ ಮೇಜಿನ ಕೆಳಗೆ ಪಕ್ಕದ ಮುಚ್ಚಳ ಕಳಚಿದ ಕಂಪ್ಯೂಟರ್ ಸದಾ ಇರುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಹಾಗಾಗಿ ಮನೆತನದಲ್ಲಿ ಯಾರ ಯಂತ್ರ ಮುನಿಸಿಕೊಂಡರೂ ಕರೆ ನನಗೇ. ಕೊಳ್ಳುವ ಮೊದಲು ಮಾತ್ರ ಒಬ್ಬರೂ ಕೇಳುವುದಿಲ್ಲ.

ಇವನದು ರೈಜನ್ 7600, ಎಎಂಡಿ ಕಂಪನಿಯ ಪ್ರೊಸೆಸರ್. ಅದಕ್ಕೆ ಹೊಸ ಪೀಳಿಗೆಯ ಡಿಡಿಆರ್5 ರ್‍ಯಾಮ್, 16 ಜಿಬಿಯ ಎರಡು ಸ್ಟಿಕ್. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 8000, ಅಂದರೆ ಅದರ ವೇಗ. ತಂದ ಸಂಜೆಯೇ ಬಯಾಸ್‌ಗೆ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಹೋಗಿ ಆ ವೇಗದ ಪ್ರೊಫೈಲ್, ಅಂದರೆ ಸಿದ್ಧ ಸೆಟ್ಟಿಂಗ್, ಆನ್ ಮಾಡಿದ. ಸಾಲದೆಂಬಂತೆ ಅದೇ ಕೂರಿಕೆಯಲ್ಲಿ ಪ್ರೊಸೆಸರನ್ನೂ ಓವರ್‌ಕ್ಲಾಕ್ ಮಾಡಿದ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಿದ. ಎರಡು ದಿನ ಸ್ವರ್ಗ. ಮೂರನೆಯ ದಿನ ದೊಡ್ಡ ಜಿಪ್ ಕಡತ ಬಿಚ್ಚಲು ಹೋದರೆ ಸಿಆರ್‌ಸಿ ದೋಷ, ಅಂದರೆ ಒಳಗಿನ ಮಾಹಿತಿ ತಾಳೆಯಾಗುತ್ತಿಲ್ಲ. ಮತ್ತೊಮ್ಮೆ ಬಿಚ್ಚಿದರೆ ಬೇರೆ ಕಡತದಲ್ಲಿ ದೋಷ. ನಡುನಡುವೆ ಬ್ರೌಸರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅವನ ತೀರ್ಪು: ಕಡತಗಳನ್ನು ಇಡುವ ಎಸ್‌ಎಸ್‌ಡಿ ಹಾಳಾಗಿದೆ. ಹೊಸದನ್ನು ಆರಿಸಿಯೂ ಆಗಿತ್ತು, ಪುಣ್ಯಾತ್ಮ.

ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸು ಎಂದೆ. ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಪರದೆಯ ಫೋಟೊ ಕಳುಹಿಸಿದ. ಕೆಂಪು ಸಾಲುಗಳು. ಬರೆದದ್ದು ಒಂದು, ಓದಿದಾಗ ಸಿಕ್ಕಿದ್ದು ಇನ್ನೊಂದು. ಎಂಟು ಅಕ್ಷರಗಳ ಸಾಲಿನಲ್ಲಿ ಏಳು ಸರಿಯಾಗಿದ್ದವು. ಒಂದು ಕಡೆ ಮಾತ್ರ 'ಎಫ್' ಇರಬೇಕಾದಲ್ಲಿ 'ಡಿ'. ಕಂಪ್ಯೂಟರಿಗೆ ಎಫ್ ಎಂದರೆ 1111, ಡಿ ಎಂದರೆ 1101; ಅಂದರೆ ತಿರುಗಿ ಬಿದ್ದದ್ದು ಒಂದೇ ಒಂದು ಬಿಟ್. "ಇಷ್ಟಕ್ಕೇನಾ?" ಎಂದ. ಇಷ್ಟಕ್ಕೇ!

ಡಬ್ಬಿಯ ಮೇಲಿನ ಅಂಕಿ ಆ ಸ್ಟಿಕ್‌ಗಳ ಸಾಮರ್ಥ್ಯದ ಮಾತು. ನಿನ್ನ ಕಂಪ್ಯೂಟರಿನ ಮಾತಲ್ಲ. ಸ್ಟಿಕ್‌ಗಳಿಗೆ ಬರೆದು ಓದುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರಿನೊಳಗೆ, ಅದಕ್ಕೂ ಸ್ಟಿಕ್‌ಗಳಿಗೂ ನಡುವೆ ಮದರ್‌ಬೋರ್ಡಿನ ತಂತಿದಾರಿ. ಮೂವರೂ ಒಪ್ಪಿದರೆ ಮಾತ್ರ ಆ ವೇಗ. ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳಿದ್ದು 5200. ನಾಲ್ಕು ಸ್ಟಿಕ್ ಹಾಕಿದರೆ 3600ಕ್ಕೆ ಇಳಿಯುತ್ತದೆ. ಅದರಾಚೆಯದೆಲ್ಲ, ಎಕ್ಸ್‌ಪೋ ಎಂಬ ಆ ಪ್ರೊಫೈಲಿನ ಒಂದು ಗುಂಡಿ ಒತ್ತುವುದೂ ಸೇರಿ, ಓವರ್‌ಕ್ಲಾಕಿಂಗೇ. ಗುಂಡಿ ಸುಲಭವಾಗಿದೆ ಎಂದ ಮಾತ್ರಕ್ಕೆ ಭರವಸೆ ಸಿಕ್ಕಂತಾಗಲಿಲ್ಲ.

ತಮಾಷೆ ಇನ್ನೂ ಇದೆ. ಈ ಪ್ರೊಸೆಸರಿನಲ್ಲಿ 6000ದ ಆಸುಪಾಸಿನವರೆಗೆ ಕಂಟ್ರೋಲರ್ ಮತ್ತು ಮೆಮೊರಿ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುತ್ತವೆ, ಎರಡೂ 3000 ಮೆಗಾಹರ್ಟ್ಸ್‌ನಲ್ಲಿ (ಪ್ರತಿ ಬಡಿತಕ್ಕೆ ಎರಡು ಸಲ ಮಾಹಿತಿ ಸಾಗುವುದರಿಂದ ಡಬ್ಬಿಯ ಅಂಕಿ ಇದರ ಎರಡರಷ್ಟು). 8000ಕ್ಕೆ ಏರಿಸಿದರೆ ಮೆಮೊರಿ 4000ದಲ್ಲಿ ಓಡುತ್ತದೆ, ಕಂಟ್ರೋಲರ್ ಅದರ ಅರ್ಧಕ್ಕೆ, 2000ಕ್ಕೆ ಇಳಿಯುತ್ತದೆ. ಮುಂದಿನ ಎತ್ತು ಓಡಿ ಹಿಂದಿನ ಎತ್ತು ಕುಂಟಿದ ಹಾಗೆ. ಇದಕ್ಕೆ ಹೆಚ್ಚು ಹಣ ಕೊಟ್ಟು ಬಂದಿದ್ದಾನೆ!

ಇನ್ನು ಸಿಎಲ್ ಅಂಕಿ, ಕೇಳಿದ ಮಾಹಿತಿ ಕೊಡಲು ಮೆಮೊರಿ ಎಷ್ಟು ಬಡಿತ ಕಾಯಿಸುತ್ತದೆ ಎಂಬ ಎಣಿಕೆ. ಅದನ್ನು ಯಾರೂ ನೋಡುವುದಿಲ್ಲ, ಏಕೆಂದರೆ ಅದನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಸಿಎಲ್ ಅನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ: ಕಾಯುವ ಸಮಯ ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ. ಹಿಂದಿನ ಪೀಳಿಗೆಯ ಡಿಡಿಆರ್4ರ 3200, ಸಿಎಲ್ 16: ಹತ್ತು. ಡಿಡಿಆರ್5ರ 6000, ಸಿಎಲ್ 30: ಅದೂ ಹತ್ತು. ಅದೇ 6000 ಸಿಎಲ್ 40 ಆದರೆ ಹದಿಮೂರು ಚಿಲ್ಲರೆ. ಒಂದೇ ವೇಗದ ಎರಡು ಡಬ್ಬಿ, ಒಳಗಿನ ಸರಕು ಬೇರೆ. ಇದು ಐದನೆಯ ತರಗತಿಯ ಲೆಕ್ಕ. ಮಾಡುವುದಿಲ್ಲ. ಸ್ಟಿಕ್‌ನ ಬಣ್ಣದ ದೀಪಗಳನ್ನು ಮಾತ್ರ ಮೂರು ಸಲ ನೋಡುತ್ತಾರೆ.

"ಆಟದಲ್ಲಿ ಫ್ರೇಮ್ ಹೆಚ್ಚುತ್ತದಲ್ಲ" ಎನ್ನುವವರಿದ್ದೀರಿ. ಸೆಕೆಂಡಿಗೆ ಮೂಡುವ ಚಿತ್ರಗಳು ಹೆಚ್ಚುತ್ತವೆ, ಇಲ್ಲ ಎನ್ನುವುದಿಲ್ಲ. ಪ್ರೊಸೆಸರೇ ತಡೆಯಾಗಿರುವ ಆಟಗಳಲ್ಲಿ ವೇಗದ ಮೆಮೊರಿ ಕೈಹಿಡಿಯುತ್ತದೆ. ಆದರೆ 4ಕೆ ಪರದೆಯಲ್ಲಿ ಆಡುವವನಿಗೆ ತಡೆ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡ್. ದೊಡ್ಡ ಕ್ಯಾಶ್ (ಪ್ರೊಸೆಸರಿನೊಳಗಿನ ಮೆಮೊರಿ) ಇರುವ ಎಕ್ಸ್3ಡಿ ಪ್ರೊಸೆಸರಾದರೆ ರ್‍ಯಾಮ್ ವೇಗದ ಬಗ್ಗೆ ಅದು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದೂ ಇಲ್ಲ. ನಾಲ್ಕು ಫ್ರೇಮ್ ಹೆಚ್ಚಾಗಿ ಆಟ ಅರ್ಧಕ್ಕೇ ನಿಂತುಹೋದರೆ ಯಾವ ಲಾಭ?

ಈಗ ನನ್ನ ಮಾನವನ್ನೂ ಸ್ವಲ್ಪ ಹರಾಜು ಹಾಕುತ್ತೇನೆ. ಡಿಡಿಆರ್4ರ ಕಾಲದಲ್ಲಿ ನಾನು 3600ರ ಎರಡು ಸ್ಟಿಕ್ ಹಾಕಿಕೊಂಡಿದ್ದೆ. ವರ್ಷದ ನಂತರ ಅದೇ ಹೆಸರಿನ, ಅದೇ ಅಂಕಿಯ ಇನ್ನೆರಡನ್ನು ತಂದು ಜೊತೆಗೆ ಸಿಕ್ಕಿಸಿದೆ. ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು ಎಂಬ ಅರಿವು ಇರಲಿಲ್ಲ. ಯಂತ್ರ ಕುಸಿದು ನೀಲಿ ಪರದೆ ಬಂದಿದ್ದರೆ ಬಚಾವಾಗುತ್ತಿದ್ದೆ. ಬರಲಿಲ್ಲ. ತಿಂಗಳುಗಟ್ಟಲೆ ಎಲ್ಲವೂ ಸರಿಯಿದ್ದಂತೆಯೇ ಇತ್ತು. ಆ ತಿಂಗಳುಗಳಲ್ಲಿ ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ ನಕಲಿಸಿದ ಫೋಟೊಗಳಲ್ಲಿ ಕೆಲವು ಅರ್ಧದಿಂದ ಕೆಳಗೆ ಬೂದು ಪಟ್ಟಿ. ಅಜ್ಜಿಯ ಒಂದು ಚಿತ್ರದಲ್ಲಿ ಹಣೆ, ಕಣ್ಣು ಇವೆ. ಬಾಯಿ ಇಲ್ಲ. ಹಳೆಯ ಡಿಸ್ಕನ್ನು ಅಷ್ಟರಲ್ಲಿ ಅಳಿಸಿ ಯಾರಿಗೋ ಕೊಟ್ಟಾಗಿತ್ತು.

ಅದಕ್ಕೇ "ಆನ್ ಆಯಿತಲ್ಲ" ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಡಿಡಿಆರ್5ರಲ್ಲಿ ತಪ್ಪು ತಿದ್ದುವ ಇಸಿಸಿ ಇದೆಯಲ್ಲ ಎಂದು ಸಮಾಧಾನ ಹೇಳಲು ಬರಬೇಡಿ. ಅದು ಚಿಪ್‌ನೊಳಗಿನ ತಪ್ಪನ್ನು ಮಾತ್ರ ತಿದ್ದುತ್ತದೆ; ಚಿಪ್‌ನಿಂದ ಪ್ರೊಸೆಸರಿನವರೆಗಿನ ದಾರಿಯಲ್ಲಿ ಕೆಟ್ಟದ್ದಕ್ಕೆ ಅದು ಹೊಣೆಯಲ್ಲ. ವೋಲ್ಟೇಜ್ ಏರಿಸಿದರಾಯಿತು ಎನ್ನುವ ಶೂರರಿಗೆ ಒಂದು ನೆನಪು: 2023ರಲ್ಲಿ ಇದೇ ಸರಣಿಯ ಕೆಲವು ಪ್ರೊಸೆಸರುಗಳು ಸುಟ್ಟ ಮೇಲೆ ಮೆಮೊರಿ ಕಂಟ್ರೋಲರಿಗೆ ಹೋಗುವ ಎಸ್‌ಒಸಿ ವೋಲ್ಟೇಜಿಗೆ 1.3 ವೋಲ್ಟಿನ ಮಿತಿ ಹಾಕಿದರು.

ನಿನ್ನೆ ರಾತ್ರಿ ಅವನಿಂದ ಮೊದಲು ಪ್ರೊಸೆಸರಿನ ಓವರ್‌ಕ್ಲಾಕ್ ತೆಗೆಸಿದೆ. ಎರಡನ್ನೂ ಒಟ್ಟಿಗೆ ಕೆಣಕಿದರೆ ಕಳ್ಳ ಯಾರೆಂದು ತಿಳಿಯುವುದು ಹೇಗೆ? ಆಗಲೂ ಕೆಂಪು ಸಾಲು ನಿಲ್ಲಲಿಲ್ಲ. ಮೆಮೊರಿಯನ್ನು 6000ಕ್ಕೆ ಇಳಿಸಿ ಸಿಎಲ್‌ನಂಥ ಟೈಮಿಂಗ್‌ಗಳನ್ನು ಕೈಯಾರೆ ಹಾಕಿಸಿದೆ. ಹೊಸ ವೇಗಕ್ಕೆ ಯಂತ್ರ ತನ್ನನ್ನು ಹೊಂದಿಸಿಕೊಳ್ಳುವ ಮೆಮೊರಿ ಟ್ರೈನಿಂಗ್ ಮುಗಿಯುವವರೆಗೆ ಪರದೆ ಕಪ್ಪಾಗಿಯೇ ಇತ್ತು. "ಸತ್ತೇಹೋಯಿತು" ಎಂದು ಎರಡು ಸಲ ಕರೆ ಮಾಡಿದ. ಬೆಳಗಿನವರೆಗೆ ಮೆಮ್‌ಟೆಸ್ಟ್ ಓಡಿದೆ, ದೋಷ ಸೊನ್ನೆ. ಜಿಪ್ ಬಿಚ್ಚಿಕೊಂಡಿದೆ. ಎಸ್‌ಎಸ್‌ಡಿ ನಿರಪರಾಧಿ.

ಒಂದು ಧನ್ಯವಾದವನ್ನು ನಿರೀಕ್ಷಿಸಿದ್ದೆ. ಈಗಷ್ಟೇ ಸಂದೇಶ ಬಂತು:

"ಅಣ್ಣಾ, 6200 ಹಾಕಿ ನೋಡಲೇ?"