ಒಂದು ಸಹಿಗೆ ಪ್ರಿಂಟರ್ ಯಾಕೆ ಬೇಕು?

ಇಮೇಲಿನಲ್ಲಿ ಒಂದು ಪಿಡಿಎಫ್ ಬರುತ್ತದೆ. ಜೊತೆಗೆ ಒಂದು ಸಾಲು: ‘ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳಿಸಿ.’ ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಕಡತ ಹುಟ್ಟಿದ್ದು ಕಂಪ್ಯೂಟರಿನಲ್ಲಿ, ಕೊನೆಗೆ ಸೇರುವುದೂ ಕಂಪ್ಯೂಟರನ್ನೇ. ನಡುವೆ ಸುಮ್ನೆ ಕಾಗದ, ಶಾಯಿ, ಸಮಯ ಎಲ್ಲ ದಂಡ. ಪ್ರಿಂಟರ್ ಇಲ್ಲದವರು ತಮ್ಮ ಖಾಸಗಿ ಪತ್ರವನ್ನು ಯಾರದೋ ಕಂಪ್ಯೂಟರಿಗೆ ಹಾಕಬೇಕು. ಅದು ಇನ್ನೂ ಜಾಸ್ತಿ ಅಪಾಯ ಅಲ್ವಾ?

‘ಕೈಯಲ್ಲಿ ಹಾಕಿದ ಸಹಿಯೇ ಭದ್ರ’ ಅನ್ನುತ್ತಾರೆ. ಸ್ಕ್ಯಾನ್ ಆದ ಮೇಲೆ ಅದೂ ಬರೀ ಚಿತ್ರ. ಯಾರು ಬೇಕಾದರೂ ಕತ್ತರಿಸಿ ಇನ್ನೊಂದು ಕಡತಕ್ಕೆ ಅಂಟಿಸಬಹುದು. ನಿಜವಾದ ಡಿಜಿಟಲ್ ಸಹಿ ಹಾಗಲ್ಲ. ಕಡತದಿಂದ ಒಂದು ಹ್ಯಾಶ್, ಅಂದರೆ ಬೆರಳಚ್ಚಿನಂಥ ಪುಟ್ಟ ಗುರುತು, ಲೆಕ್ಕ ಹಾಕಿ, ಸಹಿ ಮಾಡುವವರ ಬಳಿ ಮಾತ್ರ ಇರುವ ಗುಟ್ಟಿನ ಡಿಜಿಟಲ್ ಕೀಲಿಯಿಂದ ಅದನ್ನು ಭದ್ರ ಮಾಡುತ್ತಾರೆ. ಆಮೇಲೆ ಒಂದೇ ಒಂದು ಅಕ್ಷರ ಬದಲಾದರೂ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಈ ಯೋಚನೆಯನ್ನು ಗೂಢಲಿಪಿ ತಜ್ಞರಾದ ಡಿಫಿ ಮತ್ತು ಹೆಲ್‌ಮನ್ ಮುಂದಿಟ್ಟದ್ದು 1976ರಲ್ಲಿ! ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 2001ರಲ್ಲೇ ಎಲೆಕ್ಟ್ರಾನಿಕ್ ಸಹಿಗೆ ಮಾದರಿ ಕಾನೂನು ಕೊಟ್ಟಿದೆ.

ಉಯಿಲಿನಂಥ ಪತ್ರಗಳಿಗೆ ಹಲವು ದೇಶಗಳ ಕಾನೂನು ಶಾಯಿಯ ಸಹಿಯನ್ನೇ ಕೇಳುತ್ತದೆ. ಅದನ್ನು ಒಪ್ಪುತ್ತೇನೆ. ಆದರೆ ಸಾಧಾರಣ ಒಪ್ಪಿಗೆ ಪತ್ರಕ್ಕೂ ಇದೇ ಹಠ ಯಾಕೆ? ಡಿಜಿಟಲ್ ಸಹಿ ಹಾಕಿ ಕಳಿಸಿದರೂ ‘ಪ್ರಿಂಟ್ ತೆಗೆದು ಮತ್ತೆ ಕಳಿಸಿ’ ಅನ್ನುವವರಿದ್ದಾರೆ. ಕಾಗದಕ್ಕೆ ಇಳಿದ ಮೇಲೆ ಆ ಸಹಿಯನ್ನು ಪರೀಕ್ಷಿಸುವ ದಾರಿಯೇ ಇರುವುದಿಲ್ಲ. ದಯವಿಟ್ಟು ಕಡತ ತೆರೆದು ಸಹಿಯ ವಿವರ ನೋಡಿ. ಅದಕ್ಕೆ ಒಂದು ನಿಮಿಷವೂ ಬೇಡ.