ಪ್ಯಾಚ್ ಆಯ್ತಾ? ಸ್ಕ್ರೀನ್‌ಶಾಟ್ ಕಳ್ಸಿ

ನಮ್ ಆಫೀಸಿನ ಸರ್ವರ್‌ಗೆ ಆಯುಧ ಪೂಜೆ ದಿನ ಅರಿಶಿನ ಕುಂಕುಮ ಹಚ್ಚೋಕೆ ಯಾರ ಅಪ್ರೂವಲ್ಲೂ ಬೇಡ, ಅದೇ ಸರ್ವರ್‌ಗೆ ಒಂದು ಸೆಕ್ಯೂರಿಟಿ ಪ್ಯಾಚ್, ಅಂದ್ರೆ ಸಾಫ್ಟ್‌ವೇರ್ ತೂತಿಗೆ ತೇಪೆ, ಹಾಕ್ಬೇಕು ಅಂದ್ರೆ ಮಾತ್ರ ಮೂರು ಮೀಟಿಂಗು, ಒಂದು ಚೇಂಜ್ ರಿಕ್ವೆಸ್ಟು, ಕೊನೆಗೆ ನಮ್ ಸಾರ್ ಹೇಳೋದು "ಹಾಕು, ಆದ್ರೆ ರೀಬೂಟ್ ಮಾತ್ರ ಬೇಡಪ್ಪ". ಸಾರ್, ರೀಬೂಟ್ ಮಾಡ್ದೆ ಇದ್ರೆ ಹೊಸ ಕರ್ನಲ್, ಅಂದ್ರೆ ಸಿಸ್ಟಮ್ಮಿನ ತಿರುಳು, ಡಿಸ್ಕಲ್ಲಿ ಮಲಗಿರುತ್ತೆ, ಹಳೇದೇ ಓಡ್ತಿರುತ್ತೆ ಅಂದೆ. "ಎರಡೂ ಇರ್ಲಿ ಬಿಡು, ಬ್ಯಾಕಪ್ ಆಯ್ತು" ಅಂದ್ರು.

ಮಷೀನು ಫ್ರೀಬಿಎಸ್‌ಡಿ, ಲಿನಕ್ಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮು. ಕರ್ನಲ್ಲು ಕಸ್ಟಮ್, ಯಾವನೋ ಪುಣ್ಯಾತ್ಮ ಕಾನ್ಫಿಗ್ ಫೈಲಿಗೆ 'ಫೈನಲ್2' ಅಂತ ಹೆಸರಿಟ್ಟು ಕೆಲ್ಸ ಬಿಟ್ಟು ಹೋಗಿದಾನೆ, ಫೈನಲ್1 ಎಲ್ಲಿ ಅಂತ ಆ ದೇವ್ರಿಗೂ ಗೊತ್ತಿಲ್ಲ. ಫ್ರೀಬಿಎಸ್‌ಡಿ-ಅಪ್‌ಡೇಟ್ ಕಮಾಂಡು ಅವ್ರೇ ಕೊಡೋ ಜೆನೆರಿಕ್ ಕರ್ನಲ್‌ಗೆ ಮಾತ್ರ ರೆಡಿಮೇಡ್ ಪ್ಯಾಚ್ ಕೊಡೋದು, ಕಸ್ಟಮ್ ಬೇಕು ಅಂದೋರು ಸೋರ್ಸ್ ತಂದು ತಾವೇ ಬಿಲ್ಡ್ ಮಾಡ್ಕೋಬೇಕು. ಮಾಡ್ದೆ. ರಾತ್ರಿ ಎರಡು ಗಂಟೆಗೆ, ಎಲ್ರೂ ಮಲಗಿದ್ಮೇಲೆ, ಕಳ್ಳನ ಥರ ರೀಬೂಟೂ ಮಾಡ್ದೆ. ವರ್ಷನ್ ಹೇಳೋ ಯುನೇಮ್ ಕಮಾಂಡು ಹೊಡೆದ್ರೆ 14.3 ಅಂತು. ಸಾರ್‌ಗೆ ಸ್ಕ್ರೀನ್‌ಶಾಟ್ ಹೋಯ್ತು, ಆಡಿಟ್ ಫೈಲಿಗೆ ಪ್ರಿಂಟು ಸೇರ್ತು, ಮೇಲೆ ಹಸಿರು ಟಿಕ್ಕು.

ಇಲ್ಲೇ ನೋಡಿ ತಮಾಷೆ ಇರೋದು. ಸರ್ವಿಸ್‌ಗಳೆಲ್ಲ ಜೈಲಲ್ಲಿವೆ, ಅಂದ್ರೆ ಒಂದೇ ಮಷೀನೊಳಗೆ ಬೇರೆ ಬೇರೆ ಬೀಗ ಹಾಕಿದ ಕೋಣೆಗಳು, 2000ದಲ್ಲಿ ಫ್ರೀಬಿಎಸ್‌ಡಿ 4.0 ಬಂದಾಗಿಂದ ಇರೋ ವ್ಯವಸ್ಥೆ, ವೆಬ್ಬಿಗೊಂದು, ಮೇಲ್‌ಗೊಂದು, ಡೇಟಾಬೇಸ್‌ಗೊಂದು ಅಂತ ನಮ್ಮಲ್ಲಿ ಆರು. ಹಳೇ ವಠಾರ ಇದ್ದಂಗೆ ಅಂದ್ಕೊಳಿ, ಬಾವಿ ಒಂದೇ, ಅದು ಕರ್ನಲ್ಲು, ಅಡುಗೆಮನೆ ಮಾತ್ರ ಅವರವರದ್ದು. ಓನರ್ ಬಾವಿ ತೊಳೆಸಿದ್ರೆ ಮೂರನೇ ಮನೆ ಪಾತ್ರೇಲಿ ಹಳಸಿದ ಸಾರು ತಾಜಾ ಆಗುತ್ತಾ? ಪ್ರತಿ ಮನೆಗೂ ಹೋಗಿ ಪಾತ್ರೆ ತೊಳೀಬೇಕು, ಸಿಸ್ಟಮ್ ಜೊತೆಗೇ ಬರೋ ಬೇಸ್ ಬೇರೆ ಅಪ್‌ಡೇಟು, ಮೇಲೆ ನಾವು ಹಾಕ್ಕೊಂಡ ಪ್ಯಾಕೇಜ್ ಬೇರೆ ಅಪ್‌ಡೇಟು, ಆಮೇಲೆ ಸರ್ವಿಸ್ ರೀಸ್ಟಾರ್ಟು, ಇಲ್ಲಾಂದ್ರೆ ಮೆಮೊರೀಲಿ ಹಳೇ ಲೈಬ್ರರೀನೇ ಕೂತಿರುತ್ತೆ.

ಆದ್ರೆ ಜೈಲೊಳಗೆ ನಿಂತು ಯುನೇಮ್ ಹೊಡೆದ್ರೂ 14.3 ಅಂತಾನೇ ಬರುತ್ತೆ, ಯಾಕಂದ್ರೆ ಅದು ಹೇಳೋದು ಬಾವಿ ಕಥೆ. ಅಡುಗೆಮನೆ ಕಥೆ ಬೇಕಂದ್ರೆ ಫ್ರೀಬಿಎಸ್‌ಡಿ-ವರ್ಷನ್ ಮೈನಸ್ ಯು ಅಂತ ಹೊಡೀಬೇಕು. ಮೇಲ್ ಜೈಲಲ್ಲಿ ಹೊಡೆದೆ. 12.4! ಅದರ ಸಪೋರ್ಟ್ 2023ರ ಡಿಸೆಂಬರ್ 31ಕ್ಕೇ ಮುಗಿದಿದೆ ಗುರು, ನಾವಿನ್ನೂ ತಿಥಿ ಊಟ ಹಾಕಿಲ್ಲ ಅಷ್ಟೆ.

ನಮ್ದೊಂದೇ ಅಲ್ಲ ಬಿಡಿ, ಜನರ ಸಾಲದ ಲೆಕ್ಕ ಇಡೋ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪ್ನೀಲಿ 2017ರ ಮಾರ್ಚಲ್ಲೇ ವೆಬ್‌ಸೈಟ್ ಕಟ್ಟೋ ಅಪಾಚೆ ಸ್ಟ್ರಟ್ಸ್ ಸಾಫ್ಟ್‌ವೇರ್‌ಗೆ ಪ್ಯಾಚ್ ಹಾಕಿ ಅಂತ ಈಮೇಲ್ ಓಡಾಡಿತ್ತು, ಸ್ಕ್ಯಾನೂ ಮಾಡಿದ್ರು, ಸ್ಕ್ಯಾನಲ್ಲಿ ಏನೂ ಸಿಗ್ಲಿಲ್ಲ, ಮೇ ತಿಂಗಳಿಂದ ಕಳ್ಳರು ಒಳಗೇ ಠಿಕಾಣಿ, ಸುಮಾರು 14.7 ಕೋಟಿ ಜನರ ಮಾಹಿತಿ ಹೋಯ್ತು. ಆಮೇಲೆ ಹಳೇ ಸಿಇಒ ಸಂಸತ್ತಿನ ಮುಂದೆ ಕೂತು ತಪ್ಪನ್ನ ಒಬ್ಬ ನೌಕರನ ತಲೆಗೂ ಒಂದು ಸ್ಕ್ಯಾನರ್ ತಲೆಗೂ ಕಟ್ಟಿದ್ರು. ಆ 'ಒಬ್ಬ' ನಾನಾಗೋದು ಬೇಡ ಅಂತ 12.4 ಸ್ಕ್ರೀನ್‌ಶಾಟ್ ತಗೊಂಡು ಸಾರ್ ಹತ್ರ ಓಡಿದೆ.

ಸಾರ್ ಕನ್ನಡಕ ಏರಿಸ್ಕೊಂಡು ನೋಡಿದ್ರು. "ಹೋದ್ ವಾರ 14.3 ಕಳ್ಸಿದ್ಯಲ್ಲೋ?"

"ಅದು ಹೋಸ್ಟು ಸಾರ್, ಇದು ಜೈಲು."

ಎಕ್ಸೆಲ್ ತೆಗೆದು 'ಜೈಲು' ಅಂತ ಹೊಸ ಕಾಲಂ ಮಾಡಿದ್ರು. ಪರ್ವಾಗಿಲ್ವೆ, ಸಾರ್‌ಗೆ ಅರ್ಥ ಆಯ್ತು ಅಂದ್ಕೊಂಡೆ. ಆರೂ ಸಾಲಿಗೆ 'ನಾಟ್ ಅಪ್ಲಿಕಬಲ್' ಅಂತ ತುಂಬಿಸಿ ಸೇವ್ ಮಾಡಿ ನನ್ ಕಡೆ ತಿರುಗಿ ಕೇಳಿದ್ರು: "ಅದಿರ್ಲಿ, ಈ ಮೈನಸ್ ಯು ನಿಂಗ್ಯಾರೋ ಹೇಳ್ಕೊಟ್ಟಿದ್ದು?"