ಟೀಚರ್ ಸೊಂಟಕ್ಕೆ ಪಿಸ್ತೂಲು: 24 ಗಂಟೆ ತರಬೇತಿ ಯಾವ ಲೆಕ್ಕ?

ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಮಾತು ಎದ್ದಿದೆ. "ಶಾಲೆಯಲ್ಲಿ ಟೀಚರ್ ಹತ್ತಿರ ಗನ್ ಇದ್ದರೆ ಒಳ್ಳೇದೇ ಅಲ್ವಾ? ಹೇಗೂ ಟ್ರೈನಿಂಗ್ ಕೊಟ್ಟಿರ್ತಾರೆ" ಅಂತ ಗೆಳೆಯರೊಬ್ಬರು ಬರೆದರು. ಹೌದು ಹೌದು ಅಂತ ಸುಮಾರು ಜನ ದನಿಗೂಡಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರೂ ಮಕ್ಕಳನ್ನು ಶಾಲೆಗೆ ಕಳಿಸುವವರೇ, ಎಲ್ಲರಿಗೂ ಭಯ ಇದೆ. ಆದರೆ ಆ ಟ್ರೈನಿಂಗ್ ಎಷ್ಟು, ಅದರಲ್ಲಿ ಏನು ಕಲಿಸುತ್ತಾರೆ, ಅಷ್ಟೇ ಸಾಕು ಅಂತ ಯಾರು ಯಾವಾಗ ತೀರ್ಮಾನ ಮಾಡಿದರು ಅಂತ ಆ ಗುಂಪಿನಲ್ಲಿ ಒಬ್ಬರೂ ಕೇಳಲಿಲ್ಲ. ಅದಕ್ಕೇ ಈ ಉದ್ದದ ಪೋಸ್ಟ್. ದಯವಿಟ್ಟು ಪೂರ್ತಿ ಓದಿ.

ನಾವಿರುವುದು ಒಹಾಯೋ ರಾಜ್ಯದಲ್ಲಿ. ಇಲ್ಲಿ ಶಾಲೆಯೊಳಗೆ ಬಂದೂಕು ಹಿಡಿದು ಕೆಲಸ ಮಾಡುವವರು ಒಂದೋ ಪೊಲೀಸರ ಮೂಲ ತರಬೇತಿ ಮುಗಿಸಿರಬೇಕು, ಇಲ್ಲವೇ 20 ವರ್ಷ ಪೊಲೀಸ್ ಕೆಲಸ ಮಾಡಿರಬೇಕು ಅಂತ ಹಳೆಯ ಕಾನೂನು ಇತ್ತು. ಆ ತರಬೇತಿ 700 ಗಂಟೆಗಿಂತ ಜಾಸ್ತಿ. 2016ರ ಫೆಬ್ರವರಿಯಲ್ಲಿ ಬಟ್ಲರ್ ಕೌಂಟಿಯ ಮ್ಯಾಡಿಸನ್ ಶಾಲೆಯ ಊಟದ ಹಾಲ್‌ನಲ್ಲಿ 14 ವರ್ಷದ ಹುಡುಗನೊಬ್ಬ ಗುಂಡು ಹಾರಿಸಿದ. ನಾಲ್ಕು ಮಕ್ಕಳಿಗೆ ಗಾಯವಾಯಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಎರಡು ವರ್ಷದ ನಂತರ ಅಲ್ಲಿನ ಶಾಲಾ ಮಂಡಳಿ, 24 ಗಂಟೆ ತರಬೇತಿ ಪಡೆದ ಸಿಬ್ಬಂದಿ ಬಂದೂಕು ಇಟ್ಟುಕೊಳ್ಳಬಹುದು ಅಂತ ನಿರ್ಣಯ ಮಾಡಿತು. ಕೆಲವು ತಂದೆ ತಾಯಂದಿರು ಕೋರ್ಟಿಗೆ ಹೋದರು. 2021ರ ಜೂನ್‌ನಲ್ಲಿ ಒಹಾಯೋದ ಸುಪ್ರೀಂ ಕೋರ್ಟು 4-3 ಬಹುಮತದಿಂದ ಆ ತಂದೆ ತಾಯಂದಿರ ಪರ ತೀರ್ಪು ಕೊಟ್ಟಿತು. ಕಾನೂನು ಹೇಳಿದಷ್ಟು ತರಬೇತಿ ಬೇಕೇ ಬೇಕು ಅಂತ.

ಆಮೇಲೆ ಏನಾಯಿತು ಗೊತ್ತಾ? ತರಬೇತಿ ಹೆಚ್ಚಲಿಲ್ಲ. ಕಾನೂನೇ ಬದಲಾಯಿತು.

2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿಯಲ್ಲಿ ಶಾಲೆಯ ಮೇಲಿನ ಗುಂಡಿನ ದಾಳಿಗೆ 19 ಮಕ್ಕಳು, ಇಬ್ಬರು ಟೀಚರ್ ಸತ್ತರು. ಇಡೀ ದೇಶವೇ ಅಳುತ್ತಿತ್ತು. ಮೂರು ವಾರ ಕಳೆಯುವುದರೊಳಗೆ, ಜೂನ್ 13ರಂದು ಗವರ್ನರ್ ಮೈಕ್ ಡಿವೈನ್ ಹೌಸ್ ಬಿಲ್ 99 ಅನ್ನುವ ಮಸೂದೆಗೆ ಸಹಿ ಹಾಕಿದರು. ಸೆಪ್ಟೆಂಬರ್‌ನಿಂದ ಜಾರಿ. 700 ಚಿಲ್ಲರೆ ಗಂಟೆ ಇದ್ದದ್ದು 24 ಗಂಟೆಗೆ ಇಳಿಯಿತು. ಆಮೇಲೆ ವರ್ಷಕ್ಕೆ 8 ಗಂಟೆ. ಶಾಲಾ ಮಂಡಳಿ ಇಷ್ಟಪಟ್ಟರೆ ಜಾಸ್ತಿ ಕೇಳಬಹುದು, ಆದರೆ ಕೇಳಲೇಬೇಕು ಅಂತಿಲ್ಲ. ಪೊಲೀಸರ ಸಂಘ ಬೇಡ ಅಂದಿತು, ಟೀಚರ್‌ಗಳ ಸಂಘ ಬೇಡ ಅಂದಿತು. ಬಂದೂಕು ಹಿಡಿದು ಬದುಕುವವರೂ ಪಾಠ ಹೇಳಿ ಬದುಕುವವರೂ ಇಬ್ಬರೂ ಬೇಡ ಅಂದ ಮೇಲೂ ಅದು ಕಾನೂನಾಯಿತು.

ಆ 24 ಗಂಟೆಯಲ್ಲಿ ಏನೆಲ್ಲ ತುಂಬಿದ್ದಾರೆ ನೋಡಿ. ಜಗಳ ಬಿಡಿಸಿ ಸಮಾಧಾನ ಮಾಡುವುದು, ಗಾಯಕ್ಕೆ ಪ್ರಥಮ ಚಿಕಿತ್ಸೆ, ಶಾಲಾ ಗುಂಡಿನ ದಾಳಿಗಳ ಇತಿಹಾಸ, ಅಂಥ ಹೊತ್ತಿನಲ್ಲಿ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅನ್ನುವುದು, ಆಮೇಲೆ ಮಕ್ಕಳನ್ನು ಹೆತ್ತವರ ಕೈಗೆ ಮುಟ್ಟಿಸುವುದು, ನಿಜವಾದ ಗುಂಡು ಹಾರಿಸುವ ಅಭ್ಯಾಸ. ಇದರಲ್ಲಿ ಅಣಕು ದಾಳಿಯ ಅಭ್ಯಾಸಕ್ಕೆ ಕನಿಷ್ಠ 4 ಗಂಟೆ. ಒಂದೊಂದೂ ಒಂದೊಂದು ವಾರ ಕಲಿಯುವಂಥ ವಿಷಯ. ಮೂರು ದಿನದಲ್ಲಿ ಎಲ್ಲ ಮುಗಿಯಬೇಕು.

ನನ್ನ ಮಗ ಈಗ ಕಾರು ಓಡಿಸುವುದನ್ನು ಕಲಿಯುತ್ತಿದ್ದಾನೆ. ಅವನ ವಯಸ್ಸಿನ ಹುಡುಗರಿಗೆ ಒಹಾಯೋದಲ್ಲಿ 24 ಗಂಟೆ ಪಾಠ, ಡ್ರೈವಿಂಗ್ ಸ್ಕೂಲಿನವರ ಜೊತೆ 8 ಗಂಟೆ ಸ್ಟೀರಿಂಗ್ ಹಿಡಿಯುವುದು ಕಡ್ಡಾಯ. ಅಷ್ಟಕ್ಕೇ ಲೈಸೆನ್ಸ್ ಸಿಗುವುದಿಲ್ಲ. ಮನೆಯವರು ಪಕ್ಕದಲ್ಲಿ ಕೂತು ಇನ್ನೂ 50 ಗಂಟೆ ಓಡಿಸಬೇಕು, ಅದರಲ್ಲಿ 10 ಗಂಟೆ ಕತ್ತಲಲ್ಲಿ. ಯಾಕೆ ಕತ್ತಲು? ಹಗಲಲ್ಲಿ ಖಾಲಿ ರಸ್ತೆಯಲ್ಲಿ ಓಡಿಸಿದವನು ರಾತ್ರಿ ಮಳೆಯಲ್ಲಿ ಕಂಗಾಲಾಗುತ್ತಾನೆ ಅಂತ ಈ ರಾಜ್ಯಕ್ಕೆ ಗೊತ್ತು. ಕಾರಿನ ವಿಷಯದಲ್ಲಿ ಇಷ್ಟು ಯೋಚನೆ ಮಾಡಿದ ರಾಜ್ಯ, 25 ಮಕ್ಕಳು ಕೂತ ಕೋಣೆಯೊಳಗಿನ ಪಿಸ್ತೂಲಿಗೆ ಬಂದಾಗ 24 ಮತ್ತು 8ಕ್ಕೇ ನಿಲ್ಲಿಸಿತು. ಆ 50 ಗಂಟೆ ಎಲ್ಲಿ ಹೋಯಿತು?

ಬೇರೆ ರಾಜ್ಯಗಳ ಲೆಕ್ಕ ನೋಡಿದರೆ ಇನ್ನೂ ವಿಚಿತ್ರ. ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ 2018ರ ಫೆಬ್ರವರಿ 14ರಂದು ಶಾಲೆಯ ಮೇಲಿನ ದಾಳಿಯಲ್ಲಿ 17 ಜನ ಸತ್ತ ಮೇಲೆ ಅಲ್ಲಿ ಶಾಲಾ ಸಿಬ್ಬಂದಿಗೆ ಬಂದೂಕು ಹಿಡಿಯಲು ಬಿಡುವ ಗಾರ್ಡಿಯನ್ ಅನ್ನುವ ಯೋಜನೆ ಬಂತು. ಅಲ್ಲಿ 144 ಗಂಟೆ ತರಬೇತಿ, ಅದರಲ್ಲಿ 80 ಗಂಟೆ ಬಂದೂಕಿನದೇ. ಮಾನಸಿಕ ಪರೀಕ್ಷೆಯೂ ಇದೆ. ಟೆಕ್ಸಾಸ್‌ನಲ್ಲಿ ಸ್ಕೂಲ್ ಮಾರ್ಷಲ್ (ಬಂದೂಕು ಇಟ್ಟುಕೊಳ್ಳುವ ಶಾಲಾ ಸಿಬ್ಬಂದಿ) ಆಗಲು 80 ಗಂಟೆ. ನ್ಯಾಶ್‌ವಿಲ್‌ನ ಕವನೆಂಟ್ ಶಾಲೆಯಲ್ಲಿ ಆರು ಜನ ಸತ್ತ ಮೇಲೆ ಟೆನೆಸ್ಸಿ 2024ರಲ್ಲಿ ವರ್ಷಕ್ಕೆ 40 ಗಂಟೆ ಅಂತ ಮಾಡಿತು. ಯೂಟಾದಲ್ಲಿ ಸಾಮಾನ್ಯ ಬಂದೂಕು ಪರ್ಮಿಟ್ ಇದ್ದರೆ ಸಾಕು, ಶಾಲೆಗೆ ಅಂತ ಬೇರೆ ತರಬೇತಿ ಕಡ್ಡಾಯವೇ ಇಲ್ಲದೆ ಎಷ್ಟೋ ವರ್ಷ ನಡೆಯಿತು. ಅದೇ ದೇಶ, ಅದೇ ಪಿಸ್ತೂಲು, ಅದೇ ವಯಸ್ಸಿನ ಮಕ್ಕಳು. ಒಂದು ಕಡೆ 144, ಒಂದು ಕಡೆ 24, ಇನ್ನೊಂದು ಕಡೆ ಸೊನ್ನೆ. ಈ ಕೆಲಸಕ್ಕೆ ಇಷ್ಟು ತರಬೇತಿ ಬೇಕು ಅಂತ ಅಳೆದು ನೋಡಿ ಗಂಟೆ ಗೊತ್ತುಮಾಡಿದ್ದರೆ ಇಷ್ಟು ವ್ಯತ್ಯಾಸ ಬರುತ್ತಿತ್ತಾ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒಹಾಯೋದಲ್ಲಿ ಗಂಟೆ ನಿಗದಿ ಮಾಡಿದ್ದು ಕೆಲಸ ನೋಡಿ ಅಲ್ಲ, ಟೀಚರ್ ಕೈಗೆ ಸಿಗುವ ರಜೆ ನೋಡಿ. 700 ಗಂಟೆ ಅಂದರೆ ಪಾಠ ಬಿಟ್ಟು ತಿಂಗಳುಗಟ್ಟಲೆ ಹೋಗಬೇಕು. 24 ಅಂದರೆ ಬೇಸಿಗೆ ರಜೆಯಲ್ಲಿ ಮೂರು ದಿನ.

ಬಂದೂಕು ನೋಡಿದರೇ ಹೆದರುವವನು ನಾನಲ್ಲ. ನಮ್ಮೂರು ಕೊಡಗು. ಕೊಡವರಿಗೆ ಮತ್ತು ಜಮ್ಮಾ ಅನ್ನುವ ಪಾರಂಪರಿಕ ಹಿಡುವಳಿಯ ಜಮೀನಿನವರಿಗೆ ಬ್ರಿಟಿಷರ ಕಾಲದಿಂದಲೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗಲೂ ಅದು 2029ರ ತನಕ ಇದೆ. ನಮ್ಮ ಮನೆಯಲ್ಲೂ ಒಂದು ಜೋಡಿ ನಳಿಗೆ ಕೋವಿ ಇತ್ತು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅದಕ್ಕೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಊರಿನವರೆಲ್ಲ ತೆಂಗಿನಕಾಯಿಗೆ ಗುರಿ ಹಿಡಿಯುತ್ತಿದ್ದರು. ದೊಡ್ಡಪ್ಪ ತೋಟದಿಂದ ಬಂದರೆ ಜಗಲಿ ಹತ್ತುವ ಮೊದಲೇ ಕೋವಿಯನ್ನು ನಡುವೆ ಮಡಚಿ ತೋಟೆ ತೆಗೆದು ಜೇಬಿಗೆ ಹಾಕುತ್ತಿದ್ದರು. ಆಮೇಲೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡುವುದು. ಎರಡೂ ನಳಿಗೆಯಲ್ಲಿ ಬೆಳಕು ಕಂಡ ಮೇಲೆಯೇ ಮನೆಯೊಳಗೆ ಕಾಲಿಡುವುದು. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಬೀಗದ ಕೈ ಅವರ ಸೊಂಟದಲ್ಲಿ. ನಾವು ಮಕ್ಕಳು ಹತ್ತಿರ ಬಂದರೆ "ಹಿಂದೆ ಸರಿ" ಅಂತ ಒಂದೇ ಮಾತು. ಜ್ವರ ಬಂದಿದ್ದ ದಿನವೂ, ಮಳೆಯಲ್ಲಿ ನೆನೆದು ಬಂದ ದಿನವೂ ಇದರಲ್ಲಿ ಒಂದನ್ನೂ ಅವರು ಬಿಟ್ಟದ್ದು ನಾನು ನೋಡಿಲ್ಲ. ಅದು ಮೂರು ದಿನದ ಕ್ಲಾಸಿನಲ್ಲಿ ಬಂದದ್ದಲ್ಲ. ಅವರಪ್ಪನ ಜೊತೆ ವರ್ಷಗಟ್ಟಲೆ ಓಡಾಡಿ ಕೈಗೆ ಇಳಿದದ್ದು.

ಇಷ್ಟು ಎಚ್ಚರ ಇದ್ದ ಊರುಗಳಲ್ಲೂ ಹಂದಿ ಅಂದುಕೊಂಡು ಜೊತೆಯವನ ಮೇಲೇ ಈಡು ಬಿಟ್ಟ ಕಥೆ ಮಲೆನಾಡಿನವರೆಲ್ಲ ಕೇಳಿರುತ್ತಾರೆ. ಕತ್ತಲು, ಗಾಬರಿ, ಎಲೆ ಅಲುಗಾಡಿದ ಸದ್ದು. ಗುರಿಕಾರನ ಕೈಯೇ ತಪ್ಪುತ್ತದೆ.

ಈಗ ಶಾಲೆಗೆ ಬನ್ನಿ. ದೊಡ್ಡಪ್ಪನ ಯಾವ ನಿಯಮವೂ ಇಲ್ಲಿ ನಡೆಯುವುದಿಲ್ಲ. ದಾಳಿ ಆದಾಗ ಕೆಲಸಕ್ಕೆ ಬರಬೇಕಾದರೆ ಪಿಸ್ತೂಲು ತುಂಬಿಯೇ ಇರಬೇಕು, ಮೈಮೇಲೆ ಇಲ್ಲವೇ ಕೈಗೆಟಕುವ ಕಡೆ ಇರಬೇಕು. ಅದೂ ಮಕ್ಕಳ ನಡುವೆ. ನನ್ನ ಮಗಳು ಕಿಂಡರ್‌ಗಾರ್ಟನ್‌ನಲ್ಲಿದ್ದಾಗ ಬೆಳಿಗ್ಗೆ ಬಾಗಿಲಲ್ಲಿ ಟೀಚರ್ ನಿಂತಿರುತ್ತಿದ್ದರು. ಮಕ್ಕಳು ಓಡಿ ಹೋಗಿ ಅವರನ್ನು ತಬ್ಬಿಕೊಳ್ಳುತ್ತಿದ್ದವು. ಐದು ವರ್ಷದ ಮಗುವಿನ ಕೈ ಸರಿಯಾಗಿ ದೊಡ್ಡವರ ಸೊಂಟಕ್ಕೆ ಬರುತ್ತದೆ. ಟೀಚರ್ ಬಗ್ಗಿ ಶೂ ಲೇಸ್ ಕಟ್ಟುತ್ತಾರೆ. ಬೆನ್ನಿನ ಮೇಲೆ ಇನ್ನೊಂದು ಮಗು ಜೋತು ಬೀಳುತ್ತದೆ. ಹೈಸ್ಕೂಲಿನಲ್ಲಾದರೆ ತನಗಿಂತ ಎತ್ತರದ ಇಬ್ಬರು ಹುಡುಗರು ಹೊಡೆದಾಡುವಾಗ ಅವರು ನಡುವೆ ನುಗ್ಗಬೇಕು. ವರ್ಷಕ್ಕೆ 170–180 ದಿನ ಇದು ನಡೆಯುತ್ತದೆ.

ಈ ಚರ್ಚೆಯಲ್ಲಿ ಎಲ್ಲರೂ ದಾಳಿಯ ಆ ಐದಾರು ನಿಮಿಷದ ಬಗ್ಗೆಯೇ ಮಾತಾಡುತ್ತಾರೆ. ಪಾಪ, ಅದು ಅರ್ಥವಾಗುತ್ತದೆ, ಭಯ ಇರುವುದೇ ಅಲ್ಲಿ. ಆದರೆ ಹೆಚ್ಚಿನ ಶಾಲೆಗಳಲ್ಲಿ ಆ ಐದು ನಿಮಿಷ ಯಾವತ್ತೂ ಬರುವುದಿಲ್ಲ. ಪಿಸ್ತೂಲು ಮಾತ್ರ ದಿನಾ ಬರುತ್ತದೆ. ಏನೂ ನಡೆಯದ ಮಾಮೂಲಿ ದಿನಗಳಲ್ಲಿ ಅದನ್ನು ಹೇಗೆ ಸಂಭಾಳಿಸುವುದು ಅನ್ನುವುದೇ ತರಬೇತಿಯ ಮುಕ್ಕಾಲು ಪಾಲು ಆಗಬೇಕಿತ್ತು.

ಸುಮ್ನೆ ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡಿ. 2014ರಲ್ಲಿ ಯೂಟಾದ ಒಂದು ಪ್ರಾಥಮಿಕ ಶಾಲೆಯ ಟಾಯ್ಲೆಟ್‌ನಲ್ಲಿ ಟೀಚರ್ ಒಬ್ಬರ ಪಿಸ್ತೂಲು ಹಾರಿ, ಕಮೋಡ್ ಒಡೆದು ಅವರ ಕಾಲಿಗೇ ಗಾಯವಾಯಿತು. 2018ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಸೀಸೈಡ್‌ನಲ್ಲಿ ಕ್ಲಾಸಿನೊಳಗೇ ಟೀಚರ್ ಕೈಯಿಂದ ಗುಂಡು ಚಾವಣಿಗೆ ಹಾರಿತು. ಅದರ ಚೂರು ತಾಗಿ ವಿದ್ಯಾರ್ಥಿಗೆ ಪೆಟ್ಟಾಯಿತು. ಆ ಟೀಚರ್ ರಿಸರ್ವ್ ಪೊಲೀಸ್ ಅಧಿಕಾರಿಯೂ ಆಗಿದ್ದರು, ಆ ಹೊತ್ತಿಗೆ ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದೇ ಬಂದೂಕಿನ ಸುರಕ್ಷತೆಯ ಪಾಠ. 2023ರಲ್ಲಿ ಟೆಕ್ಸಾಸ್‌ನ ಒಂದು ಪುಟ್ಟ ಊರಲ್ಲಿ ಶಾಲಾ ಮುಖ್ಯಸ್ಥರೇ ಟಾಯ್ಲೆಟ್‌ನಲ್ಲಿ ಪಿಸ್ತೂಲು ಮರೆತು ಹೋದರು, ಮೂರನೇ ಕ್ಲಾಸಿನ ಮಗುವಿಗೆ ಅದು ಕಂಡಿತು. ಇವರಲ್ಲಿ ಯಾರೂ ಕೆಟ್ಟವರಲ್ಲ. ಅವಸರದಲ್ಲಿದ್ದವರು, ದಣಿದವರು, ಮರೆತವರು. ಟೀಚರ್ ಅಂದರೆ ದಿನವಿಡೀ ಅವಸರದಲ್ಲಿರುವವರು, ದಣಿಯುವವರು ಅಲ್ವಾ?

ಇನ್ನು ಆ ಐದು ನಿಮಿಷದ ಮಾತು. ನ್ಯೂಯಾರ್ಕ್ ಪೊಲೀಸರ 1998ರಿಂದ 2006ರ ತನಕದ ಗುಂಡಿನ ಪ್ರಕರಣಗಳನ್ನು ರ್‍ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ ಪರಿಶೀಲಿಸಿತ್ತು. ಎದುರಿನವನೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರ ಗುರಿ ಮುಟ್ಟಿದ್ದು 100ಕ್ಕೆ 18 ಮಾತ್ರ. ಅದೇ ಕೆಲಸ ಮಾಡಿಕೊಂಡಿರುವವರ ಲೆಕ್ಕ ಅದು. ಉಳಿದ 82 ಗುಂಡು ಎಲ್ಲೋ ಹೋಗಿ ತಾಗಿತಲ್ಲ. ಕಾರಿಡಾರ್‌ನಲ್ಲಿ ಮಕ್ಕಳು ಓಡುತ್ತಿರುವಾಗ ಆ "ಎಲ್ಲೋ" ಎಲ್ಲಿ? ಪಾರ್ಕ್‌ಲ್ಯಾಂಡ್‌ನಲ್ಲಿ ತರಬೇತಿ ಪಡೆದ, ಬಂದೂಕು ಹಿಡಿದ ಡೆಪ್ಯುಟಿ (ಪೊಲೀಸ್ ಅಧಿಕಾರಿ) ಶಾಲೆಯ ಆವರಣದಲ್ಲೇ ಇದ್ದ, ಕಟ್ಟಡದೊಳಗೆ ಹೋಗಲಿಲ್ಲ. ಯುವಾಲ್ಡಿಯಲ್ಲಿ ಒಟ್ಟು 376 ಅಧಿಕಾರಿಗಳು ಬಂದಿದ್ದರು, ದಾಳಿಕೋರನನ್ನು ಎದುರಿಸಲು 77 ನಿಮಿಷ ಹಿಡಿಯಿತು.

ಇದಕ್ಕೆ ವಿರುದ್ಧದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2019ರ ಆಗಸ್ಟ್‌ನಲ್ಲಿ ಡೇಟನ್ ಪೇಟೆಯಲ್ಲಿ ಒಬ್ಬ ಗುಂಡು ಹಾರಿಸಲು ಶುರುಮಾಡಿದಾಗ ಪಕ್ಕದಲ್ಲೇ ಇದ್ದ ಪೊಲೀಸರು ಸುಮಾರು 30 ಸೆಕೆಂಡಿನಲ್ಲಿ ಅವನನ್ನು ಹೊಡೆದು ಬೀಳಿಸಿದರು. ಎಷ್ಟು ಜನರ ಜೀವ ಉಳಿಯಿತೋ. ಆದರೂ ಅಷ್ಟರಲ್ಲಿ ಒಂಬತ್ತು ಜನ ಸತ್ತಿದ್ದರು. ಪೂರ್ತಿ ತರಬೇತಿ ಏನು ಮಾಡಬಲ್ಲದು, ಅದರ ಮಿತಿ ಎಷ್ಟು ಎರಡೂ ಇದರಲ್ಲೇ ಕಾಣುತ್ತದೆ.

ಹಳ್ಳಿ ಶಾಲೆಯವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಸುತ್ತ ಮೈಲುಗಟ್ಟಲೆ ಜೋಳದ ಹೊಲ, ಶೆರಿಫ್ (ಕೌಂಟಿಯ ಪೊಲೀಸ್) ಬರಲು ಅರ್ಧ ಗಂಟೆ ಬೇಕು, ಕಾವಲಿಗೆ ಒಬ್ಬರನ್ನು ಇಟ್ಟುಕೊಳ್ಳಲು ದುಡ್ಡಿಲ್ಲ. ಅಂಥ ಕಡೆ ತಂದೆ ತಾಯಿ "ಯಾರಾದರೂ ಒಬ್ಬರ ಕೈಯಲ್ಲಿ ಇರಲಿ" ಅಂದರೆ ಅದು ನ್ಯಾಯವಾದ ಆತಂಕ. ಆದರೆ ಅದಕ್ಕೆ ಉತ್ತರ ತರಬೇತಿ ಕಡಿಮೆ ಮಾಡುವುದಲ್ಲ. ಈ ಮೂರು ದಿನದ ತರಬೇತಿಯ ವ್ಯವಸ್ಥೆ ಕಟ್ಟಲು ರಾಜ್ಯ ದುಡ್ಡು ಹೊಂದಿಸಿತು. ಅದೇ ರಾಜ್ಯ ಒಂದು ಬಡ ಶಾಲೆಗೆ ಪೂರ್ತಿ ತರಬೇತಿಯ ಒಬ್ಬ ಅಧಿಕಾರಿಯನ್ನು ಕೊಡಲಿ. ಇಲ್ಲವೇ ಟೀಚರ್ ಒಬ್ಬರು ನಿಜವಾಗಿ ಮನಸ್ಸು ಮಾಡಿದರೆ ಅವರಿಗೆ ಸಂಬಳ ಸಹಿತ ರಜೆ ಕೊಟ್ಟು 700 ಗಂಟೆಯೂ ಕಲಿಸಲಿ. ನಾನು ಬೇಡ ಅನ್ನುವುದಿಲ್ಲ.

ಮನೆಯ ಬಂದೂಕಿನ ಬಗ್ಗೆಯೂ ಒಂದು ಮಾತು. ಶಾಲಾ ದಾಳಿಗಳ ಬಗ್ಗೆ ಅಮೆರಿಕದ ಸೀಕ್ರೆಟ್ ಸರ್ವಿಸ್ 2019ರಲ್ಲಿ ಕೊಟ್ಟ ವರದಿಯ ಪ್ರಕಾರ, ಬಂದೂಕು ಬಳಸಿದ ಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ಅದು ಸಿಕ್ಕಿದ್ದು ಅಪ್ಪ ಅಮ್ಮನ ಇಲ್ಲವೇ ಹತ್ತಿರದ ಸಂಬಂಧಿಕರ ಮನೆಯಲ್ಲಿ. ನಮ್ಮ ಕನ್ನಡದವರಲ್ಲೂ ಈಗ ಬಂದೂಕು ಕೊಂಡವರಿದ್ದಾರೆ, ನನಗೇ ಗೊತ್ತು. ಬೀಗ ಹಾಕಿ, ಗುಂಡು ಬೇರೆ ಕಡೆ ಇಡಿ. ದಯವಿಟ್ಟು.

ಒಹಾಯೋದಲ್ಲಿರುವವರಿಗೆ ಈಗ ಮಾಡಬಹುದಾದ ಕೆಲಸ ಇದೆ. ನಿಮ್ಮ ಶಾಲಾ ಮಂಡಳಿ ಸಿಬ್ಬಂದಿಗೆ ಬಂದೂಕು ಅನುಮತಿ ಕೊಟ್ಟಿದ್ದರೆ ಆ ಸಂಗತಿಯನ್ನು ನಿಮಗೆ ತಿಳಿಸಲೇಬೇಕು ಅಂತ ಇದೇ ಕಾನೂನು ಹೇಳುತ್ತದೆ. ಯಾರ ಹತ್ತಿರ ಇದೆ ಅಂತ ಹೇಳುವುದಿಲ್ಲ, ಇದೆ ಅಂತ ಮಾತ್ರ. ಶಾಲೆಯಿಂದ ಬರುವ ಇಮೇಲ್‌ಗಳ ರಾಶಿಯಲ್ಲಿ ಅದು ಕಳೆದುಹೋಗಿರಬಹುದು, ಹುಡುಕಿ ನೋಡಿ. ಮಂಡಳಿಯ ಸಭೆಗೆ ಹೋಗಿ. ಗ್ರೀನ್ ಕಾರ್ಡ್ ಇಲ್ಲ, ವೋಟ್ ಇಲ್ಲ ಅಂತ ಹಿಂಜರಿಯಬೇಡಿ. ತೆರಿಗೆ ಕಟ್ಟುತ್ತಿದ್ದೀರಿ, ಮಗು ಅಲ್ಲಿ ಓದುತ್ತಿದೆ. 24 ಗಂಟೆಗಿಂತ ಜಾಸ್ತಿ ಕೇಳಿದ್ದೀರಾ, ಪಿಸ್ತೂಲು ಮೈಮೇಲೋ ಬೀಗದ ಪೆಟ್ಟಿಗೆಯಲ್ಲೋ, ಅದು ಟಾಯ್ಲೆಟ್‌ನಲ್ಲಿ ಮರೆತರೆ ಏನು ಕ್ರಮ, ತಪ್ಪಿ ಹಾರಿದರೆ ಹೆತ್ತವರಿಗೆ ಎಷ್ಟು ಹೊತ್ತಿನಲ್ಲಿ ತಿಳಿಸುತ್ತೀರಿ ಅಂತ ಕೇಳಿ. ಮರ್ಯಾದೆಯಿಂದಲೇ ಕೇಳಿ, ಆದರೆ ಉತ್ತರ ಬರುವ ತನಕ ಬಿಡಬೇಡಿ.

ನಮ್ಮ ಶಾಲಾ ಮಂಡಳಿಯ ಮುಂದಿನ ಸಭೆಗೆ ನಾನು ಹೋಗುತ್ತಿದ್ದೇನೆ. ಕೊಲಂಬಸ್ ಸುತ್ತಮುತ್ತ ಇರುವವರು ಜೊತೆಗೆ ಬರುವುದಾದರೆ ಇನ್‌ಬಾಕ್ಸ್‌ಗೆ ಬನ್ನಿ. ಬೇರೆ ರಾಜ್ಯದಲ್ಲಿರುವವರು ನಿಮ್ಮ ಶಾಲೆಯಲ್ಲಿ ಎಷ್ಟು ಗಂಟೆಯ ನಿಯಮ ಇದೆ ಅಂತ ಕೆಳಗೆ ಬರೆಯಿರಿ.